ಮಾತ್ರೆ ಬಿಟ್ಟ ಮೊದಲ ತಿಂಗಳು ಚೆನ್ನಾಗೇ ಇರುತ್ತದೆ

ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳುವ, ಅನುಮಾನ ಕಾಡುವ ಮನಸ್ಸಿನ ಕಾಯಿಲೆ ಇರುವವರು ಮಾತ್ರೆ ಯಾಕೆ ಬಿಡುತ್ತಾರೆ ಅಂತ ನಮ್ಮ ಕಡೆ ಕೇಳಿದರೆ ಸಿಗುವ ಉತ್ತರ ಒಂದೇ. ಹಠ. "ಎಷ್ಟು ಹೇಳಿದ್ರೂ ಕೇಳಕಿಲ್ಲ ಕಣವ್ವ, ಬಾಯಿಗೆ ಹಾಕುದ್ರೆ ಉಗೀತಾನೆ." ಈ ಮಾತನ್ನು ನಾನು ಎರಡು ಕಡೆ ಕೇಳುತ್ತೇನೆ. ಮಂಡ್ಯದಲ್ಲಿ ನಾನು ಕೆಲಸ ಮಾಡುವ ಮೆಡಿಕಲ್ ಸ್ಟೋರಿನಲ್ಲಿ, ಕೌಂಟರಿನ ಆಚೆ ನಿಂತ ಅಪ್ಪ ಅಮ್ಮಂದಿರ ಬಾಯಲ್ಲಿ. ಮತ್ತೆ ನಮ್ಮ ಮನೆಯಲ್ಲಿ. ನನ್ನ ಅಣ್ಣನಿಗೆ ಈ ಕಾಯಿಲೆ ಇದೆ. ಪಾಂಡವಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅಮ್ಮನ ಜೊತೆ ಇದ್ದಾನೆ.

ನಾನು ಡಾಕ್ಟರ್ ಅಲ್ಲ, ಡಿ.ಫಾರ್ಮಾ ಓದಿದವಳು. ಅಂಗಡಿಗೆ ಬರುವವರ ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೇನೆ. ಅಣ್ಣನ ವಿಷಯ ಬರೆದದ್ದನ್ನು ಅವನಿಗೆ ಓದಿ ಹೇಳಿದ್ದೇನೆ, ಅವನು ಬೇಡ ಅಂದದ್ದನ್ನು ತೆಗೆದಿದ್ದೇನೆ.

ಮೊದಲು ಒಂದು ಮಾತು. ಮಾತ್ರೆ ಬಿಡುವುದು ಈ ಕಾಯಿಲೆಯವರು ಮಾತ್ರ ಮಾಡುವ ಕೆಲಸ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಇದರ ಬಗ್ಗೆ ಒಂದು ವರದಿ ಮಾಡಿತ್ತು. ಶುಗರ್, ಬಿಪಿ, ಆಸ್ತಮಾ ಅಂತ ದೀರ್ಘಕಾಲದ ಕಾಯಿಲೆಗಳಿಗೆ ಔಷಧಿಯನ್ನು ಸರಿಯಾಗಿ ತೆಗೆದುಕೊಳ್ಳುವವರು ಶ್ರೀಮಂತ ದೇಶಗಳಲ್ಲೂ ಸುಮಾರು ಅರ್ಧದಷ್ಟು ಜನ ಮಾತ್ರ, ಬಡ ದೇಶಗಳಲ್ಲಿ ಇನ್ನೂ ಕಡಿಮೆ ಅಂತ ಅದರಲ್ಲಿ ಇದೆ. ಬಿಪಿ ಮಾತ್ರೆ ಬಿಟ್ಟ ಮಾವನನ್ನು ನಾವು "ಮರೆವು ಜಾಸ್ತಿ ಆಯ್ತು" ಅನ್ನುತ್ತೇವೆ. ಅದೇ ಕೆಲಸವನ್ನು ನನ್ನ ಅಣ್ಣ ಮಾಡಿದರೆ ಹಠಮಾರಿ ಆಗುತ್ತಾನೆ. ಇದು ನನಗೆ ಬಹಳ ನೋವು ಕೊಡುವ ವಿಷಯ.

ಈಗ ಕಾರಣಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಆದರೆ ಮನೆಗಳಲ್ಲಿ ಯಾರೂ ಮಾತಾಡದೇ ಇರುವುದು ಇದು. ಮಾತ್ರೆ ಬಿಟ್ಟ ಕೂಡಲೇ ಬಹಳ ಜನ ಕೆಡುವುದಿಲ್ಲ. ಮೊದಲು ಚೆನ್ನಾಗುತ್ತಾರೆ. ಈ ಕಾಯಿಲೆಗೆ ಕೊಡುವ ಒಲಾಂಜಪಿನ್ ಮಾತ್ರೆ ನುಂಗಿ ಮಲಗಿ ಬೆಳಗ್ಗೆ ಎಂಟಾದರೂ ಕಣ್ಣು ಬಿಡಲಾಗದ ಹುಡುಗ ಮಾತ್ರೆ ಬಿಟ್ಟ ಸ್ವಲ್ಪ ದಿನಕ್ಕೇ ನಸುಕಿನಲ್ಲಿ ಎದ್ದು ಹಾಲು ಕರೆದು ಡೈರಿಗೆ ಹಾಕಿ ಬರುತ್ತಾನೆ. ಕೈ ನಡುಕ ನಿಲ್ಲುತ್ತದೆ. ಮುಖಕ್ಕೆ ಕಳೆ ಬರುತ್ತದೆ. ಊರವರು "ಈಗ ಆಳಾದ ನೋಡು" ಅನ್ನುತ್ತಾರೆ. ಕೆಲವರಿಗೆ ಏಕಾಏಕಿ ಬಿಟ್ಟರೆ ನಿದ್ದೆ ಕೆಡುತ್ತದೆ, ಹೊಟ್ಟೆ ತೊಳೆಸುತ್ತದೆ, ಎಲ್ಲರಿಗೂ ಒಂದೇ ತರ ಅಲ್ಲ. ಆದರೆ ಮಂಕು ಬಿಟ್ಟುಹೋದ ಆ ಖುಷಿಯನ್ನು ನಾನು ಅಣ್ಣನಲ್ಲಿ ಕಣ್ಣಾರೆ ಕಂಡಿದ್ದೇನೆ, ಅದು ಸುಳ್ಳಲ್ಲ. ಮಾತ್ರೆ ಇಲ್ಲದೇ ನಾನು ಚೆನ್ನಾಗಿದ್ದೇನೆ ಅಂತ ಅವನು ಹೇಳಿದಾಗ ಅವನು ನಿಜವೇ ಹೇಳುತ್ತಿದ್ದ.

ಕೆಟ್ಟದ್ದು ಆಮೇಲೆ ಬರುತ್ತದೆ. ವಾರಗಳಾದ ಮೇಲೆ, ಎಷ್ಟೋ ಸಲ ತಿಂಗಳುಗಳಾದ ಮೇಲೆ. ಮೊದಲು ನಿದ್ದೆ ಕಡಿಮೆ ಆಗುತ್ತದೆ. ಆಮೇಲೆ ಬಾಗಿಲ ಹತ್ತಿರ ನಿಂತು ಯಾರದೋ ಮಾತು ಕೇಳಿಸಿಕೊಳ್ಳುತ್ತಾನೆ, ಪಕ್ಕದ ಮನೆಯವರ ಮೇಲೆ ಅನುಮಾನ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಮಾತ್ರೆ ಬಿಟ್ಟದ್ದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ನಾಲೆ ನೀರಿಗೆ ಜಗಳ ಆಗಿತ್ತಲ್ಲ, ಅದನ್ನೇ ಮನಸ್ಸಿಗೆ ಹಚ್ಚಿಕೊಂಡ ಅನ್ನುತ್ತಾರೆ. ಅಮಾವಾಸ್ಯೆ ಅನ್ನುತ್ತಾರೆ. ಬಿಟ್ಟದ್ದಕ್ಕೆ ಲಾಭ ಕೈಗೆ ತಕ್ಷಣ ಸಿಕ್ಕಿತು, ನಷ್ಟ ಬರುವಾಗ ಬೇರೆ ಯಾರದೋ ಹೆಸರಿನಲ್ಲಿ ಬಂತು. ನುಂಗಿದಾಗ ತದ್ವಿರುದ್ಧ. ತೊಂದರೆ ಅವತ್ತೇ ಗೊತ್ತಾಗುತ್ತದೆ, ಉಪಕಾರ ಏನು ಅಂದರೆ ಏನೂ ಆಗದೇ ಇರುವುದು. ಏನೂ ಆಗದೇ ಇರುವುದನ್ನು ಯಾರಾದರೂ ಕಣ್ಣಲ್ಲಿ ನೋಡಲು ಆಗುತ್ತದಾ?

ಇದರಲ್ಲಿ ಇನ್ನೊಂದು ಸಿಕ್ಕು ಇದೆ. 2012ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 65 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ಲೆಕ್ಕ ಬಂತು. ಮಾತ್ರೆ ಮುಂದುವರಿಸಿದವರಲ್ಲಿ ಒಂದು ವರ್ಷದ ಒಳಗೆ ಕಾಯಿಲೆ ಮರಳಿದ್ದು 100ಕ್ಕೆ 27 ಮಂದಿಗೆ. ಔಷಧಿ ಇಲ್ಲದ ಬರೀ ಮಾತ್ರೆ ಪಡೆದವರಲ್ಲಿ 64 ಮಂದಿಗೆ. ದೊಡ್ಡ ವ್ಯತ್ಯಾಸ, ಮಾತ್ರೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ನನಗೆ ಬೇಡ. ಆದರೆ ಮನೆಯಲ್ಲಿ ಕೂತು ಇದನ್ನೇ ಇನ್ನೊಂದು ಕಡೆಯಿಂದ ನೋಡಿ. ಮಾತ್ರೆ ಇಲ್ಲದೇ ಆ ವರ್ಷ ದಾಟಿದ 36 ಮಂದಿ ಇದ್ದಾರೆ. ಬಿಡುವ ಪ್ರತಿಯೊಬ್ಬರೂ ತಾವು ಆ 36ರಲ್ಲಿ ಒಬ್ಬರು ಅಂದುಕೊಳ್ಳುತ್ತಾರೆ. ಸರಿಯಾಗಿ ನುಂಗಿಯೂ ಮತ್ತೆ ಕಾಯಿಲೆ ಬಂದ 27 ಮಂದಿ ಇದ್ದಾರೆ. ಅವರಿಗೆ ಇನ್ನು ಮೇಲೆ ಯಾರ ಮಾತಿನ ಮೇಲೆ ನಂಬಿಕೆ ಬರಬೇಕು? ಒಂದು ವರ್ಷ ದಾಟಿದರೆ ಮುಗಿಯಿತು ಅಂತಲೂ ಅಲ್ಲ. 1999ರಲ್ಲಿ ಬಂದ ಅಮೆರಿಕದ ಒಂದು ಅಧ್ಯಯನದಲ್ಲಿ, ಮೊದಲ ಸಲ ಕಾಯಿಲೆ ಬಂದು ಗುಣವಾದವರನ್ನು ಐದು ವರ್ಷ ಗಮನಿಸಿದರು. ಐದು ವರ್ಷದಲ್ಲಿ 100ಕ್ಕೆ 80ಕ್ಕಿಂತ ಜಾಸ್ತಿ ಮಂದಿಗೆ ಒಮ್ಮೆಯಾದರೂ ಮರಳಿ ಬಂತು. ಔಷಧಿ ಬಿಟ್ಟವರಿಗೆ ಹಾಗಾಗುವ ಸಾಧ್ಯತೆ ಸುಮಾರು ಐದು ಪಟ್ಟು ಇತ್ತು.

ಎರಡನೆಯದು, ತನಗೆ ಕಾಯಿಲೆ ಇದೆ ಅಂತಲೇ ಗೊತ್ತಾಗದೇ ಇರುವುದು. ಇದನ್ನು ಒಪ್ಪಿಕೊಳ್ಳುವುದಕ್ಕೆ ಮನೆಯವರಿಗೆ ವರ್ಷಗಟ್ಟಲೆ ಬೇಕಾಗುತ್ತದೆ. ಗೊತ್ತಿದ್ದೂ ನಾಟಕ ಮಾಡುತ್ತಾನೆ ಅಂದುಕೊಳ್ಳುತ್ತಾರೆ. ಬಬಿನ್ಸ್ಕಿ ಅಂತ ಒಬ್ಬ ಫ್ರೆಂಚ್ ನರವೈದ್ಯರು 1914ರಲ್ಲೇ ಇದರ ಬಗ್ಗೆ ಬರೆದಿದ್ದರು. ಅವರು ನೋಡಿದ್ದು ಸ್ಟ್ರೋಕ್ ಆದವರನ್ನು. ಎಡಗೈ ಎಡಗಾಲು ಬಿದ್ದುಹೋಗಿದೆ, ಆದರೂ ನನಗೇನೂ ಆಗಿಲ್ಲ ಅನ್ನುವವರು. ಸುಳ್ಳು ಹೇಳುತ್ತಿರಲಿಲ್ಲ. ತನ್ನ ಸ್ಥಿತಿ ತನಗೆ ಗೊತ್ತಾಗಬೇಕಾದರೆ ಮಿದುಳು ಮಾಡಬೇಕಾದ ಕೆಲಸವೇ ಅಲ್ಲಿ ನಿಂತಿತ್ತು. ಅದಕ್ಕೆ ಅನೊಸಾಗ್ನೋಸಿಯಾ ಅನ್ನುತ್ತಾರೆ. ಸ್ಕಿಜೋಫ್ರೇನಿಯಾದಲ್ಲೂ ಬಹಳ ಮಂದಿಗೆ ಹೀಗೇ ಆಗುತ್ತದೆ ಅಂತ ಈಗ ಬಹಳಷ್ಟು ತಜ್ಞರು ಹೇಳುತ್ತಾರೆ. ಅದೂ ಒಂದೇ ಸಮ ಇರುವುದಿಲ್ಲ. ಒಂದು ತಿಂಗಳು "ಹೌದು, ನನಗೆ ಹುಷಾರಿಲ್ಲ" ಅನ್ನುತ್ತಾರೆ, ಮುಂದಿನ ತಿಂಗಳು ಹುಷಾರಿಲ್ಲದೇ ಇರುವುದು ನಿಮಗೆ ಅನ್ನುತ್ತಾರೆ.

ಅಣ್ಣ ಒಂದು ಸಲ ಹೇಳಿದ್ದು ನನ್ನ ತಲೆಯಲ್ಲಿ ಕೂತಿದೆ. "ಅಲ್ಲ, ನಿನ್ ದನಿ ಹೆಂಗ್ ಕೇಳ್ತದೋ ಹಂಗೇ ಅವ್ರ ದನೀನೂ ಕೇಳ್ತದೆ. ನಿಂದು ನಿಜ, ಅವ್ರುದ್ದು ಸುಳ್ಳು ಅಂತ ನಾನ್ ಹೆಂಗ್ ನಂಬ್ಲಿ?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಯಿಲೆಯೇ ಇಲ್ಲದವರಿಗೆ ದಿನಾ ಮಾತ್ರೆ ಕೊಟ್ಟರೆ ನಾವಾದರೂ ನುಂಗುತ್ತೇವಾ?

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು, ಯಾಕೆಂದರೆ ಇದನ್ನು ಅಂಗಡಿಯಲ್ಲಿ ಮತ್ತೆ ಮತ್ತೆ ನೋಡುತ್ತೇನೆ. "ಪುಡಿ ಮಾಡಿ ಸಾರಿಗೆ ಹಾಕ್ಬೋದಾ?" ಅಂತ ಕೇಳುತ್ತಾರೆ. "ರುಚಿ ಇಲ್ದೇ ಇರೋ ಡ್ರಾಪ್ಸ್ ಬತ್ತದಂತಲ್ಲ, ಅದ್ ಕೊಡವ್ವ." ಕೇಳುವವರ ಕಣ್ಣಲ್ಲಿ ಮೋಸ ಇರುವುದಿಲ್ಲ. ದಣಿವು ಇರುತ್ತದೆ. ರಾತ್ರಿ ಮಗ ಬಾಗಿಲು ಒಡೆದಿರುತ್ತಾನೆ, ತಾಯಿ ನಿದ್ದೆ ಮಾಡಿ ಎಷ್ಟೋ ದಿನ ಆಗಿರುತ್ತದೆ. ಆದರೂ ನಾನು ಬೇಡ ಅನ್ನುತ್ತೇನೆ. ಈ ಕಾಯಿಲೆಯಲ್ಲಿ ಬಹಳ ಜನರಿಗೆ ಬರುವ ಅನುಮಾನವೇ ಊಟದಲ್ಲಿ ಏನೋ ಬೆರೆಸುತ್ತಿದ್ದಾರೆ ಅನ್ನುವುದು. ಅಲ್ಲ ಮಗಾ, ಹಂಗೆಲ್ಲ ಯಾರೂ ಮಾಡಲ್ಲ ಅಂತ ಅಮ್ಮ ದಿನಾ ಸಮಾಧಾನ ಹೇಳುತ್ತಾಳೆ. ಅದೇ ಅಮ್ಮ ಬಸ್ಸಾರಿಗೆ ಪುಡಿ ಬೆರೆಸಿದ್ದು ಒಂದು ದಿನ ಗೊತ್ತಾಗುತ್ತದೆ. ತಟ್ಟೆಯ ತಳದಲ್ಲಿ ಬಿಳಿ ಪುಡಿ ಉಳಿದಿರುತ್ತದೆ, ಇಲ್ಲಾ ಊಟ ಆದ ತಕ್ಷಣ ತಡೆಯಲಾಗದ ನಿದ್ದೆ ಬರುತ್ತದೆ. ಆವತ್ತಿಗೆ ಅವನ ಅನುಮಾನ ನಿಜ ಆಯಿತು. ಆಮೇಲೆ ಮಾತ್ರೆ ಅಷ್ಟೇ ಅಲ್ಲ, ಆ ಕೈಯ ಊಟವನ್ನೂ ಅವನು ನಂಬುವುದಿಲ್ಲ. ಹೋಟೆಲಿನಲ್ಲೇ ತಿಂದುಕೊಂಡು ಇರುವವರನ್ನು ನಾನು ನೋಡಿದ್ದೇನೆ. ಕಳೆದುಹೋದ ಆ ನಂಬಿಕೆಗೆ ಯಾವ ಕಂಪನಿಯ ಮಾತ್ರೆಯೂ ಇಲ್ಲ. ಜೊತೆಗೆ, ಹೀಗೆ ಕೊಟ್ಟರೆ ಎಷ್ಟು ಹೊಟ್ಟೆಗೆ ಹೋಯಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಡಾಕ್ಟರಿಗೆ ಲೆಕ್ಕ ತಪ್ಪುತ್ತದೆ.

ಇನ್ನು ಅಡ್ಡ ಪರಿಣಾಮ. ಸೈಡ್ ಎಫೆಕ್ಟ್ ಅಂತ ಎಲ್ಲರೂ ಸುಲಭವಾಗಿ ಹೇಳಿ ಮುಗಿಸುತ್ತಾರೆ. ಮೈಯಲ್ಲಿ ಅದು ಹೇಗಿರುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈ ಕಾಯಿಲೆಗೆ ಔಷಧಿ ಅಂತ ಬಂದದ್ದು 1952ರಲ್ಲಿ, ಪ್ಯಾರಿಸ್ಸಿನಲ್ಲಿ. ಕ್ಲೋರ್‌ಪ್ರೊಮಝೀನ್. ಅದಕ್ಕೆ ಮುಂಚೆ ಜನ ವರ್ಷಗಟ್ಟಲೆ ಆಸ್ಪತ್ರೆಗಳಲ್ಲೇ ಕೊಳೆಯುತ್ತಿದ್ದರು, ಆದ್ದರಿಂದ ಈ ಮಾತ್ರೆಗಳ ಮೇಲೆ ನನಗೆ ಗೌರವ ಇದೆ. ಇವು ಮಿದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕದ ಕೆಲಸವನ್ನು ತಡೆಯುತ್ತವೆ. ಕಷ್ಟ ಏನು ಅಂದರೆ ಡೋಪಮಿನ್ ಮಾಡುವುದು ಒಂದೇ ಕೆಲಸ ಅಲ್ಲ. ಕೈಕಾಲು ಸರಾಗವಾಗಿ ಆಡುವುದಕ್ಕೂ ಅದು ಬೇಕು, ಯಾವುದಾದರೂ ಕೆಲಸ ಮಾಡಬೇಕು ಅನ್ನಿಸುವುದಕ್ಕೂ ಬೇಕು. ಹಾಲೋಪೆರಿಡಾಲ್‌ನಂಥ ಹಳೆಯ ಔಷಧಿಗಳಲ್ಲಿ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಕೆಲವರಿಗೆ ಕತ್ತು ಒಂದು ಕಡೆಗೆ ಎಳೆದುಕೊಂಡು ಬಿಡುತ್ತದೆ. ಅದನ್ನು ಒಮ್ಮೆ ಅನುಭವಿಸಿದವರು ಆ ಮಾತ್ರೆಯ ಹೆಸರು ಕೇಳಿದರೂ ಹೆದರುತ್ತಾರೆ. ಜೊತೆಗೆ ಟ್ರೈಹೆಕ್ಸಿಫೆನಿಡಿಲ್ ಅನ್ನುವ ಮಾತ್ರೆ ಕೊಡುವುದು ಈ ನಡುಕ, ಬಿಗಿತ ತಡೆಯುವುದಕ್ಕೇ. ಎಷ್ಟೋ ಮನೆಗಳಲ್ಲಿ ಅದು "ಎಕ್ಸ್ಟ್ರಾ ಮಾತ್ರೆ" ಅಂತ ಬಿಟ್ಟುಬಿಡುತ್ತಾರೆ.

ಇನ್ನೊಂದು ಇದೆ, ಅಕಥೀಸಿಯಾ. ಒಳಗಿನಿಂದ ಬರುವ ಚಡಪಡಿಕೆ. ಕೂತರೆ ಕೂರಲು ಆಗುವುದಿಲ್ಲ, ನಿಂತರೆ ನಿಲ್ಲಲು ಆಗುವುದಿಲ್ಲ. ಅಣ್ಣ ರಾತ್ರಿಯೆಲ್ಲ ಜಗುಲಿಯಿಂದ ಹಿತ್ತಲಿಗೆ, ಹಿತ್ತಲಿಂದ ಜಗುಲಿಗೆ ನಡೆಯುತ್ತಿದ್ದ. ಕಾಯಿಲೆ ಜಾಸ್ತಿ ಆಯಿತು ಅಂತ ಮನೆಯವರೆಲ್ಲ ಅಂದುಕೊಂಡಿದ್ದೆವು. ಅದು ಮಾತ್ರೆಯ ಕೆಲಸ ಅಂತ ಗುರುತಿಸಿದ್ದು ಬೇರೆ ಡಾಕ್ಟರ್. ಡೋಸ್ ಇಳಿಸಿ ಬೇರೆ ಮಾತ್ರೆ ಸೇರಿಸಿದ ಮೇಲೆ ನಿಂತಿತು. ಇದನ್ನು ಗುರುತಿಸದೇ ಡೋಸ್ ಏರಿಸಿಬಿಟ್ಟರೆ ಚಡಪಡಿಕೆ ಇನ್ನೂ ಜಾಸ್ತಿ ಆಗುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ಹೊಸ ಮಾತ್ರೆ ಶುರು ಮಾಡಿದ ಮೇಲೆ ಕೂರಲಾಗದೆ ಓಡಾಡುತ್ತಿದ್ದರೆ ದಯವಿಟ್ಟು ಇದನ್ನು ಡಾಕ್ಟರಿಗೆ ಹೇಳಿ.

ಹೊಸ ಔಷಧಿಗಳಲ್ಲಿ ನಡುಕ ಕಡಿಮೆ, ಆದರೆ ಅವುಗಳ ಕಷ್ಟ ಬೇರೆ. ಒಲಾಂಜಪಿನ್‌ನಲ್ಲಿ ಹಸಿವು ತಡೆಯಲು ಆಗುವುದಿಲ್ಲ. ಒಂದು ಮುದ್ದೆ ಉಣ್ಣುತ್ತಿದ್ದವರು ಮೂರು ಉಂಡರೂ ಸಾಲದು ಅನ್ನುತ್ತಾರೆ. ತೂಕ ಏರುತ್ತದೆ, ಶುಗರ್ ಬರಬಹುದು. ಹೊಟ್ಟೆ ಬಂದ ಮೇಲೆ ಊರಿನ ಹುಡುಗರು ಆಡಿಕೊಳ್ಳುತ್ತಾರೆ. ರಿಸ್ಪೆರಿಡೋನ್‌ನಲ್ಲಿ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನ್ ಏರುತ್ತದೆ. ಹೆಂಗಸರಿಗೆ ಮುಟ್ಟು ನಿಲ್ಲಬಹುದು, ಬಸುರಿ ಬಾಣಂತಿ ಅಲ್ಲದಿದ್ದರೂ ಎದೆಯಲ್ಲಿ ಹಾಲು ಬರಬಹುದು. ಹೊಸದಾಗಿ ಮದುವೆಯಾದ ಹುಡುಗಿಗೆ ಮುಟ್ಟು ನಿಂತರೆ ಮನೆಯಲ್ಲಿ ಏನಾಗುತ್ತದೆ ಅಂತ ನಿಮಗೇ ಗೊತ್ತು. ಮೊದಲು ಎಲ್ಲರಿಗೂ ಖುಷಿ, ಆಮೇಲೆ ಟೆಸ್ಟ್, ಆಮೇಲೆ ಬಂಜೆ ಅನ್ನುವ ಮಾತು. ಅವಳು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸುತ್ತಾಳೆ. ಗಂಡಸರಿಗೆ ಲೈಂಗಿಕ ಆಸೆ ಹೋಗಬಹುದು, ಸಂಭೋಗ ಆಗದೇ ಹೋಗಬಹುದು. ಇದನ್ನು ಓಪಿಡಿಯಲ್ಲಿ, ಪಕ್ಕದಲ್ಲಿ ಅಪ್ಪ ನಿಂತಿರುವಾಗ, ಹಿಂದೆ ಕ್ಯೂ ಇರುವಾಗ, ಯಾವ ಗಂಡಸು ಬಾಯಿ ಬಿಟ್ಟು ಹೇಳುತ್ತಾನೆ? ಡಾಕ್ಟರ್ "ಹೇಗಿದೀಯಪ್ಪ" ಅಂತಾರೆ, ಅಪ್ಪ "ಪರವಾಗಿಲ್ಲ ಸಾರ್" ಅಂತಾರೆ, ಅದೇ ಚೀಟಿ ಮುಂದುವರಿಯುತ್ತದೆ. ಮನೆಗೆ ಬಂದು ಅವನು ಮಾತ್ರೆಯನ್ನು ಹಿತ್ತಲಿಗೆ ಎಸೆಯುತ್ತಾನೆ. ಒಂದೇ ಒಂದು ಪ್ರಶ್ನೆ ಅವನೊಬ್ಬನನ್ನೇ ಕೂರಿಸಿ ಕೇಳಿದ್ದರೆ ಮಾತ್ರೆ ಬದಲಾಯಿಸಬಹುದಿತ್ತು. ಪ್ರೊಲ್ಯಾಕ್ಟಿನ್ ಅಷ್ಟು ಏರಿಸದ ಔಷಧಿಗಳಿವೆ. ತೂಕ ಅಷ್ಟು ಏರಿಸದವೂ ಇವೆ.

2005ರಲ್ಲಿ ಅಮೆರಿಕದಲ್ಲಿ ಕೇಟೀ ಅನ್ನುವ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಸುಮಾರು 1500 ಮಂದಿಗೆ ಬೇರೆ ಬೇರೆ ಔಷಧಿ ಕೊಟ್ಟು ನೋಡಿದ್ದರು. 18 ತಿಂಗಳು ಮುಗಿಯುವುದರೊಳಗೆ 100ಕ್ಕೆ 74 ಮಂದಿ ತಮಗೆ ಮೊದಲು ಕೊಟ್ಟ ಔಷಧಿಯನ್ನು ನಿಲ್ಲಿಸಿದ್ದರು. ಕೆಲವರಿಗೆ ಅದು ಕೆಲಸ ಮಾಡಲಿಲ್ಲ, ಕೆಲವರಿಗೆ ತಡೆಯಲು ಆಗಲಿಲ್ಲ, ಕೆಲವರು ತಾವೇ ಬೇಡ ಅಂದರು. ಇಷ್ಟು ಜನ ಒಟ್ಟಿಗೆ ಹಠಮಾರಿಗಳು ಅನ್ನುವುದಕ್ಕೆ ಆಗುತ್ತದಾ?

ಕಾಯಿಲೆ ಕೂಡ ಮಾತ್ರೆಗೆ ಅಡ್ಡ ಬರುತ್ತದೆ. ದನಿ ಕೇಳುವುದು, ಅನುಮಾನ ಇವೆಲ್ಲ ಹೊರಗೆ ಕಾಣುವ ಭಾಗ. ಕಾಣದೇ ಇರುವ ಭಾಗ ಏನು ಅಂದರೆ ಗಮನ ನಿಲ್ಲದೇ ಇರುವುದು, ನೆನಪು ಜಾರುವುದು, ಎದ್ದು ಒಂದು ಲೋಟ ನೀರು ತರುವುದಕ್ಕೂ ಮನಸ್ಸು ಬಾರದೇ ಇರುವುದು. ಅಂಥವರ ಕೈಗೆ ನಾವು ಬೆಳಗ್ಗೆ ಒಂದು, ಮಧ್ಯಾಹ್ನ ಅರ್ಧ, ರಾತ್ರಿ ಎರಡು, ಊಟಕ್ಕೆ ಮುಂಚೆ ಇದು, ಆದ ಮೇಲೆ ಅದು ಅಂತ ಚೀಟಿ ಕೊಡುತ್ತೇವೆ. ಹುಷಾರಾಗಿರುವ ನಮಗೇ ಒಂದು ವಾರದ ಆಂಟಿಬಯಾಟಿಕ್ ಪೂರ್ತಿ ಮುಗಿಸಲು ಆಗುವುದಿಲ್ಲ.

ಬೀಡಿಯ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಬೀಡಿ ಸಿಗರೇಟಿನ ಹೊಗೆ ಒಲಾಂಜಪಿನ್ ಮತ್ತು ಕ್ಲೊಝಪಿನ್ ಮಾತ್ರೆಗಳನ್ನು ಲಿವರ್ ಬೇಗ ಕರಗಿಸಿ ಹಾಕುವಂತೆ ಮಾಡುತ್ತದೆ. ಆಸ್ಪತ್ರೆಯಲ್ಲಿ ಸೇದದೇ ಇದ್ದಾಗ ಸರಿಹೋಗಿದ್ದ ಡೋಸ್ ಊರಿಗೆ ಬಂದು ಕಟ್ಟುಗಟ್ಟಲೆ ಬೀಡಿ ಸೇದಿದರೆ ಸಾಲದೇ ಹೋಗುತ್ತದೆ. ಹಾಗೇ, ಸೇದುತ್ತಿದ್ದವರು ಏಕಾಏಕಿ ಬಿಟ್ಟರೆ ಅದೇ ಡೋಸ್ ಜಾಸ್ತಿ ಆಗಿ ಮಂಕು ಬಡಿಯುತ್ತದೆ. ಎರಡರಲ್ಲೂ "ಈ ಮಾತ್ರೆ ಸರಿಯಿಲ್ಲ" ಅಂತ ಮನೆಯವರು ತೀರ್ಮಾನಕ್ಕೆ ಬರುತ್ತಾರೆ. ಸೇದುವುದು ಶುರು ಮಾಡಿದರೂ ಬಿಟ್ಟರೂ ಡಾಕ್ಟರಿಗೆ ತಿಳಿಸಿ.

ಮದುವೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಮ್ಮ ಸೀಮೆಯಲ್ಲಿ ಮಾತ್ರೆ ನಿಲ್ಲುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಹೆಣ್ಣು ನೋಡಲು ಬರುವ ದಿನ ಮಾತ್ರೆ ಡಬ್ಬಿ ಬೀರು ಒಳಗೆ ಹೋಗುತ್ತದೆ. ಮದುವೆ ಆದರೆ ಎಲ್ಲ ಸರಿಹೋಗುತ್ತದೆ ಅಂತ ಹಿರಿಯರು ಹೇಳುತ್ತಾರೆ. ಮದುವೆ ದಿನ ಮಂಕಾಗಿ ಕಾಣಬಾರದು ಅಂತ ವಾರ ಮುಂಚೆಯೇ ನಿಲ್ಲಿಸುತ್ತಾರೆ. ನಿದ್ದೆಗೆಟ್ಟು ಶಾಸ್ತ್ರ, ಮನೆ ತುಂಬ ನೆಂಟರು, ಗಲಾಟೆ, ಇವೆಲ್ಲ ಅದೇ ಹೊತ್ತಿಗೆ. ಮದುವೆ ಆದ ಮೇಲೆ ಗಂಡನಿಗೋ ಹೆಂಡತಿಗೋ ಗೊತ್ತಾಗದಂತೆ ಒಂದೇ ಕೋಣೆಯಲ್ಲಿ ದಿನಾ ಮಾತ್ರೆ ನುಂಗುವುದು ಹೇಗೆ? ಹುಡುಗಿಯ ತಾಯಿ ಒಬ್ಬರು ಅಂಗಡಿಗೆ ಬಂದು, ಸ್ಟ್ರಿಪ್‌ನಿಂದ ಬಿಡಿಸಿ ಬೇರೆ ಡಬ್ಬಿಗೆ ಹಾಕಿಕೊಡಿ, ಕ್ಯಾಲ್ಸಿಯಂ ಅಂತ ಬರೆದುಕೊಡಿ ಅಂತ ಕೇಳಿದರು. ನಾನು ಕೊಡಲಿಲ್ಲ, ಕೊಡಲು ಬರುವುದೂ ಇಲ್ಲ. ಅವರ ಮುಖ ನೋಡಿ ಸಂಕಟ ಆಯಿತು. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಮಾತ್ರೆ ಉಳಿಯುವುದಿಲ್ಲ, ಮಾತ್ರೆ ಉಳಿಯದಿದ್ದರೆ ಮದುವೆಯೂ ಉಳಿಯುವುದು ಕಷ್ಟ. ಹೇಳಿ ಮಾಡಿದ ಮದುವೆಗಳು ಇವೆ, ಕಡಿಮೆ, ಆದರೆ ಇವೆ. ಅಂಥ ಒಬ್ಬ ಹೆಂಡತಿ ತಾವೇ ಚೀಟಿ ಹಿಡಿದು ಬರುತ್ತಾರೆ, ಗಂಡನ ಮಾತ್ರೆ ಹೆಸರು ಬಾಯಿಪಾಠ.

ದೇವರು, ಹರಕೆ, ತಾಯತದ ಬಗ್ಗೆ ನಾನು ಜಗಳ ಆಡುವುದಿಲ್ಲ. ನಮ್ಮಮ್ಮನೂ ಹೋಗುತ್ತಾಳೆ, ನಾನೂ ಜೊತೆಗೆ ಹೋಗುತ್ತೇನೆ. ದೇವಸ್ಥಾನಕ್ಕೂ ಹೋಗಿ ಮಾತ್ರೆಯನ್ನೂ ನುಂಗಿದರೆ ಯಾವ ತೊಂದರೆಯೂ ಇಲ್ಲ. ಮಾತ್ರೆ ಬಿಟ್ಟರೇ ಹರಕೆ ಫಲಿಸುವುದು ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕೌಂಟರಿನಲ್ಲಿ ಕಾಣುವ ಕಾರಣಗಳು ಇನ್ನೂ ಸರಳ. "ಐದು ಮಾತ್ರೆ ಕೊಡವ್ವ ಸಾಕು, ಸಂಬ್ಳ ಆದ್ಮೇಲೆ ಬತ್ತೀನಿ." ಕತ್ತರಿಸಿದ ಸ್ಟ್ರಿಪ್‌ನಲ್ಲಿ ಹೆಸರೂ ಇರುವುದಿಲ್ಲ, ತಾರೀಖೂ ಇರುವುದಿಲ್ಲ. ಮುಂದಿನ ಸಲ ಬೇರೆ ಕಂಪನಿಯದು ಸಿಗುತ್ತದೆ, ಹಳದಿ ಇದ್ದದ್ದು ಬಿಳಿ ಆಗುತ್ತದೆ. ನಮಗೆ ಅದು ಏನೂ ಅಲ್ಲ. ತನ್ನನ್ನು ಸಾಯಿಸಲು ನೋಡುತ್ತಿದ್ದಾರೆ ಅಂತ ನಂಬಿರುವವರಿಗೆ ಮಾತ್ರೆಯ ಬಣ್ಣ ಬದಲಾದದ್ದು ದೊಡ್ಡ ಸಾಕ್ಷಿ. ಈಗ ನಾನು ಕಂಪನಿ ಬದಲಾದಾಗ ಹಳೇ ಸ್ಟ್ರಿಪ್, ಹೊಸ ಸ್ಟ್ರಿಪ್ ಎರಡನ್ನೂ ಪಕ್ಕ ಪಕ್ಕ ಇಟ್ಟು ಔಷಧಿಯ ಹೆಸರು ತೋರಿಸಿ ಕಳಿಸುತ್ತೇನೆ, ಸಾಧ್ಯವಾದರೆ ನುಂಗುವವರಿಗೇ ತೋರಿಸುತ್ತೇನೆ. ಕೌಂಟರಿನಲ್ಲಿ ಜೋರಾಗಿ "ತಲೆಗೆ ಸಂಬಂಧಪಟ್ಟ ಮಾತ್ರೆನಾ?" ಅಂತ ಕೇಳುವ ನಮ್ಮ ವೃತ್ತಿಯವರಿಗೆ ಒಂದು ಮನವಿ, ದಯವಿಟ್ಟು ಹಾಗೆ ಕೇಳಬೇಡಿ. ಒಂದು ಸಲ ಹಾಗೆ ಕೇಳಿಸಿಕೊಂಡವರು ಮತ್ತೆ ಆ ಅಂಗಡಿಗೆ ಬರುವುದಿಲ್ಲ. ಊರಲ್ಲಿ ಬೇರೆ ಅಂಗಡಿ ಇಲ್ಲದಿದ್ದರೆ ಮಾತ್ರೆಯೇ ನಿಂತಿತು.

ದುಡ್ಡಿನ ವಿಷಯದಲ್ಲಿ ಕೆಲವು ದಾರಿಗಳಿವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕೆಳಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಮುಖ್ಯವಾದ ಮಾತ್ರೆಗಳು ಉಚಿತ. ಮಂಡ್ಯದವರಿಗೆ ಮಿಮ್ಸ್ ಇದೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ, ಎರಡರಲ್ಲೂ ಮನೋವೈದ್ಯರು ಇದ್ದಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಮಾಡಿದ್ದಾರೆ, ನಿಮ್ಮ ತಾಲ್ಲೂಕಿನಲ್ಲಿ ಯಾವ ದಿನ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. ಜನೌಷಧಿ ಅಂಗಡಿಗಳಲ್ಲಿ ಒಲಾಂಜಪಿನ್, ರಿಸ್ಪೆರಿಡೋನ್ ಕಡಿಮೆ ಬೆಲೆಗೆ ಸಿಗುತ್ತವೆ. ಆದರೂ ಕಷ್ಟ ಇದೆ, ಅದನ್ನು ಇಲ್ಲ ಅನ್ನುವುದಿಲ್ಲ. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಅಮ್ಮನಿಗೆ ಟಿಕೆಟ್ ಇಲ್ಲ, ಮಗನಿಗೆ ಇದೆ. ಕೂಲಿ ಬಿಟ್ಟು ಜೊತೆಗೆ ಬರುವ ಅಪ್ಪನಿಗೂ ಇದೆ. ಹೋದ ದಿನ ಒಂದು ಮಾತ್ರೆ ಸ್ಟಾಕ್ ಇಲ್ಲ ಅಂದರೆ ಆ ದಿನದ ಕೂಲಿ ಹೋಗಿ, ಕೈಗೆ ಮಾತ್ರೆಯೂ ಬರಲಿಲ್ಲ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ನಮ್ಮ ಮನೆಯಲ್ಲಿ ಏನು ಕೆಲಸಕ್ಕೆ ಬಂತು ಅಂತ ಹೇಳುತ್ತೇನೆ. ದಿನಾ ರಾತ್ರಿ "ತಗಂಡ್ಯಾ? ಬಾಯಿ ತಗಿ ನೋಡ್ತೀನಿ" ಅಂತ ಕಳ್ಳನನ್ನು ಹಿಡಿದ ಹಾಗೆ ಕೇಳುವುದನ್ನು ಅಮ್ಮ ನಿಲ್ಲಿಸಿದಳು. ಅದರ ಬದಲು "ಈ ಮಾತ್ರೇಲಿ ನಿಂಗೇನ್ ತೊಂದ್ರೆ ಆಗ್ತೈತೆ?" ಅಂತ ಕೇಳಲು ಶುರು ಮಾಡಿದಳು. ನಿನಗೆ ಕಾಯಿಲೆ ಇದೆ ಅಂತ ಒಪ್ಪಿಸುವ ಜಗಳವನ್ನು ಪೂರ್ತಿ ಬಿಟ್ಟೆವು. ಅವನು ಇವತ್ತಿಗೂ ಸ್ಕಿಜೋಫ್ರೇನಿಯಾ ಅನ್ನುವುದನ್ನು ಒಪ್ಪುವುದಿಲ್ಲ. ಆದರೆ ಮಾತ್ರೆ ಇದ್ದರೆ ನಿದ್ದೆ ಬರುತ್ತದೆ, ರಾತ್ರಿ ಹೆದರಿಕೆ ಕಡಿಮೆ ಆಗುತ್ತದೆ ಅನ್ನುವುದನ್ನು ಒಪ್ಪುತ್ತಾನೆ. ನಮಗೆ ಅಷ್ಟು ಸಾಕು. ನಿದ್ದೆಗೋಸ್ಕರ ನುಂಗುತ್ತಾನೆ. ಹಾಲು ಕರೆಯುವ ಹೊತ್ತಿಗೆ ಏಳಲು ಆಗುವುದಿಲ್ಲ ಅನ್ನುವುದು ಅವನ ದೊಡ್ಡ ದೂರಾಗಿತ್ತು. ಡಾಕ್ಟರನ್ನು ಕೇಳಿ ರಾತ್ರಿಯ ಮಾತ್ರೆಯನ್ನು ಸಂಜೆ ಏಳಕ್ಕೆ ತಂದೆವು. ಈಗ ಬೆಳಗ್ಗೆ ಎದ್ದು ಡೈರಿಗೆ ಹೋಗುತ್ತಾನೆ.

ಇಂಜೆಕ್ಷನ್ ಕೂಡ ಇದೆ. ಎರಡು ವಾರಕ್ಕೋ ತಿಂಗಳಿಗೋ ಒಂದು, ನಿಧಾನವಾಗಿ ಮೈಗೆ ಬಿಡುವಂಥದ್ದು. ಫ್ಲೂಫೆನಝೀನ್, ಹಾಲೋಪೆರಿಡಾಲ್‌ನ ಡೆಕನೋಯೇಟ್ ರೂಪಗಳು ಹಳೆಯವು, ದುಬಾರಿ ಅಲ್ಲ. ಪಾಲಿಪೆರಿಡೋನ್ ಹೊಸದು, ಬೆಲೆ ಜಾಸ್ತಿ. ನಮ್ಮಲ್ಲಿ ಇಂಜೆಕ್ಷನ್ ಅಂದರೆ ಮಾತು ಕೇಳದವರಿಗೆ ಕೊಡುವ ಶಿಕ್ಷೆ ಅನ್ನುವ ಹೆದರಿಕೆ ಇದೆ, ಎಷ್ಟೋ ಮನೆಯವರು ಹಾಗೇ ಬೆದರಿಸುತ್ತಾರೆ ಕೂಡ. ಹಾಗೆ ಮಾಡಬೇಡಿ. ದಿನಾ ಮಾತ್ರೆಯ ನೆನಪೂ ಬೇಡ, ಮನೆಯಲ್ಲಿ ದಿನಾ ಜಗಳವೂ ಬೇಡ ಅಂತ ತಾವಾಗಿಯೇ ಇಂಜೆಕ್ಷನ್ ಕೇಳುವವರು ಇದ್ದಾರೆ.

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ, 2018ರಿಂದ ಜಾರಿಯಲ್ಲಿದೆ. ಹುಷಾರಾಗಿರುವಾಗಲೇ, ಮುಂದೆ ಕಾಯಿಲೆ ಜಾಸ್ತಿ ಆದರೆ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು ಅಂತ ಬರೆದು ಇಡಬಹುದು. ಅಣ್ಣ ಹಾಲೋಪೆರಿಡಾಲ್ ಬೇಡ ಅಂತ ಬರೆಸಿದ್ದಾನೆ, ಅವನ ಪರವಾಗಿ ನನ್ನ ಹೆಸರು ಹಾಕಿಸಿದ್ದಾನೆ. ತನ್ನ ಮಾತಿಗೆ ಬೆಲೆ ಇದೆ ಅಂತ ಗೊತ್ತಾದ ಮೇಲೆ ಆಸ್ಪತ್ರೆಗೆ ಬರುವಾಗ ಅವನ ಗಲಾಟೆ ಬಹಳ ಕಡಿಮೆ ಆಯಿತು.

ಎಲ್ಲ ಮಾಡಿದರೂ ಮಾತ್ರೆ ಬಿಡುವ ದಿನ ಬರಬಹುದು. ಆಗ ಕೂಗಾಡಬೇಡಿ, ಬಿಟ್ಟ ಡೋಸುಗಳನ್ನೆಲ್ಲ ಸೇರಿಸಿ ಒಂದೇ ಸಲ ನುಂಗಿಸಲೂಬೇಡಿ. ಕ್ಲೊಝಪಿನ್ ಆದರೆ ಇನ್ನೂ ಹುಷಾರು. ಬೇರೆ ಮಾತ್ರೆ ಹಿಡಿಯದವರಿಗೆ ಕೊಡುವ ಔಷಧಿ ಅದು. ಬಿಳಿ ರಕ್ತಕಣ ಕಡಿಮೆ ಆಗುವ ಅಪಾಯ ಇರುವುದರಿಂದ ಶುರುವಿನಲ್ಲಿ ವಾರ ವಾರ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಈ ಮಾತ್ರೆಯನ್ನು ಎರಡು ದಿನಕ್ಕಿಂತ ಜಾಸ್ತಿ ಬಿಟ್ಟಿದ್ದರೆ ಹಳೆಯ ಡೋಸಿಗೆ ನೇರವಾಗಿ ಹೋಗಬಾರದು, ಬಿಪಿ ಇಳಿದು ಬಿದ್ದುಬಿಡಬಹುದು. ಡಾಕ್ಟರ್ ಮತ್ತೆ 12.5 ಮಿಲಿಗ್ರಾಂನಿಂದ ಶುರು ಮಾಡಿ ಏರಿಸುತ್ತಾರೆ. ಯಾರನ್ನು ಕೇಳಬೇಕು ಗೊತ್ತಾಗದಿದ್ದರೆ ಟೆಲಿಮಾನಸ್ ಸಹಾಯವಾಣಿ ಇದೆ, ನಂಬರ್ 14416. ಉಚಿತ, ಹಗಲು ರಾತ್ರಿ ಯಾವಾಗಲೂ, ಕನ್ನಡದಲ್ಲೇ ಮಾತಾಡುತ್ತಾರೆ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಕೊನೆಯ ಸಲ ನುಂಗಿದ್ದು ಯಾವಾಗ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಫೋನ್ ಮಾಡಿ.